ಡಿಕ್ಕಿಗೆ ಹೋದ ಬ್ಯಾಟರಿ

ನಮ್ಮ ಕಾರಿನ ಹಿಂದಿನ ಮಾಲೀಕ ಯಾರೋ ನನಗೆ ಗೊತ್ತಿಲ್ಲ. ಆದರೆ ಅವನ ಮೇಲೆ ನನಗಿರುವಷ್ಟು ಸಿಟ್ಟು ಸ್ವಂತ ನಾದಿನಿಯ ಮೇಲೂ ಇಲ್ಲ. ಆ ಪುಣ್ಯಾತ್ಮ ಅಷ್ಟು ಸಣ್ಣ ಕಾರಿಗೆ ಯಾವುದೋ ದೊಡ್ಡ ಕಾರಿನ ಎಂಜಿನ್ ತಂದು ಕೂರಿಸಿದ್ದ. ಕೂರಿಸಿದ ಮೇಲೆ ಬ್ಯಾಟರಿಗೆ ಜಾಗ ಸಾಲಲಿಲ್ಲವೋ ಏನೋ, ಅದನ್ನು ಹೊಗೆ ಹೋಗುವ ಕೊಳವೆಯ ಮಗ್ಗುಲಿಗೇ ತುರುಕಿದ್ದ. ಎಂಜಿನ್ ಓಡಿದಷ್ಟು ಹೊತ್ತೂ ಬ್ಯಾಟರಿ ಅಲ್ಲೇ ಕೂತು ಬೇಯುತ್ತಿತ್ತು. ಹೊಸದು ಹಾಕಿದರೂ ಬೇಸಿಗೆ ಮುಗಿಯುವುದರೊಳಗೆ ಹೊಟ್ಟೆ ಉಬ್ಬಿಸಿಕೊಂಡು ಸಾಯುತ್ತಿತ್ತು.

ನನ್ನ ಕೆಲಸ ಹೊಲಿಗೆ ಮಷೀನ್ ರಿಪೇರಿ. ಟೈಲರ್ ಅಂಗಡಿಗಳಿಗೆ, ಬಟ್ಟೆ ಹೊಲಿಯುವ ದೊಡ್ಡ ದೊಡ್ಡ ಶೆಡ್ಡುಗಳಿಗೆ ನಾನೇ ಹೋಗಬೇಕು. ಅಲ್ಲೇ ಸರಿಯಾಗದ ಮಷೀನನ್ನು ಕಾರಿಗೆ ಹಾಕಿಕೊಂಡು ಮನೆಗೆ ತರಬೇಕು. ಕಾರು ನಿಂತರೆ ನಾನೂ ನಿಂತ ಹಾಗೆಯೇ. ಈ ಸಲವೂ ಬ್ಯಾಟರಿ ಕೈ ಕೊಟ್ಟಾಗ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ ತಲೆ ಅಲ್ಲಾಡಿಸಿದ.

"ಇದಕ್ಕೆ ಇರೋದು ಎರಡೇ ದಾರಿ ಮೇಡಂ. ಗುಜರಿಗೆ ಹಾಕಿ, ಇಲ್ಲ ಅಂದ್ರೆ ಬ್ಯಾಟರೀನ ಇಲ್ಲಿಂದ ಎತ್ತಿ ಹಿಂದೆ ಡಿಕ್ಕೀಲಿ ಇಡಿಸಿ."

"ಸರಿ, ಇಟ್ಟುಕೊಡಿ."

"ಅಂಥ ಕೆಲಸಕ್ಕೆಲ್ಲ ನಾನು ಕೈ ಹಾಕಲ್ಲ. ಸೀಟು ಬಿಚ್ಚಬೇಕು, ಕಾರ್ಪೆಟ್ ಎತ್ತಬೇಕು, ಮುಂದಿಂದ ಹಿಂದಿನವರೆಗೂ ಕೇಬಲ್ ಎಳೀಬೇಕು. ಈ ಕಾರಿನ ಡಿಸೈನೇ ಸರಿ ಇಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇದನ್ನು ನಾನು ಮನಸ್ಸಿನಲ್ಲಿ ಅಂದುಕೊಳ್ಳಲಿಲ್ಲ, ಅವನ ಮುಖದ ಮುಂದೆಯೇ ಅಂದೆ. ಆಮೇಲೆ ಪಕ್ಕದ ಅಂಗಡಿಯವರಿಂದ ಕಾರು ತಳ್ಳಿಸಿ ಮನೆಯ ಮುಂದೆ ತಂದು ನಿಲ್ಲಿಸಿದೆ. ಕಾರಿನ ಹೊಟ್ಟೆಯೊಳಗಿನ ಕೆಲಸ ನನಗೆ ಗೊತ್ತಿಲ್ಲ. ಆದರೆ ಸ್ಪ್ಯಾನರ್ ಹಿಡಿಯಲು ಬರುತ್ತದೆ, ಮೇಲಾಗಿ ಮನೆಯಲ್ಲೇ ಒಬ್ಬರು ವೈರಿಂಗ್ ಕೆಲಸದವರಿದ್ದಾರೆ. ಇದ್ದರು ಅನ್ನಬೇಕೋ, ಇದ್ದಾರೆ ಅನ್ನಬೇಕೋ, ಆಗ ನನಗೆ ತಿಳಿಯುತ್ತಿರಲಿಲ್ಲ.

ನಮ್ಮನೆಯವರು ಮನೆಗಳಿಗೆ ಕರೆಂಟ್ ವೈರಿಂಗ್ ಮಾಡುತ್ತಿದ್ದವರು. ಯಾರ ಮನೆಗೆ ಹೋದರೂ ಇವರು ಮೊದಲು ನೋಡುತ್ತಿದ್ದದ್ದು ಗೋಡೆಯ ಮೇಲಿನ ಸ್ವಿಚ್ ಬೋರ್ಡನ್ನು, ಆಮೇಲೆ ಮನೆಯವರ ಮುಖವನ್ನು. ನನ್ನನ್ನು ನೋಡಲು ಬಂದಾಗಲೂ ಹಾಗೇ ಮಾಡಿದ್ದರು. ಹೋದ ವರ್ಷದ ಕೊನೆಯಲ್ಲಿ ಒಂದು ಹೊಸ ಕಟ್ಟಡದಲ್ಲಿ ಮೇನ್ ಆಫ್ ಮಾಡಿ ಇವರು ಕೆಲಸ ಮಾಡುತ್ತಿದ್ದಾಗ, ಯಾರೋ ನೋಡದೆ ಅದನ್ನು ಆನ್ ಮಾಡಿದರು. ಒಳಗೆಲ್ಲೋ ವೈರು ತಾಗಿ ಬೋರ್ಡಿನ ಕಬ್ಬಿಣದ ಪೆಟ್ಟಿಗೆಗೇ ಕರೆಂಟ್ ಬಂತು. ಇವರ ಬಲಗೈ ಆ ಪೆಟ್ಟಿಗೆಯ ಮೇಲಿತ್ತು.

ಸುಟ್ಟ ಕೈ ವಾಸಿಯಾಯಿತು. ಇನ್ನು ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಹೇಳಿ ಎಷ್ಟೋ ದಿನಗಳಾದವು. ಇವರು ಹೋಗಲಿಲ್ಲ. ಬಲ್ಬು ಬದಲಾಯಿಸಲು ನನ್ನನ್ನು ಕರೆಯುತ್ತಿದ್ದರು. ಫ್ರಿಜ್ಜಿನ ಬಾಗಿಲನ್ನು ಟವೆಲ್ ಸುತ್ತಿಕೊಂಡು ತೆಗೆಯುತ್ತಿದ್ದರು. ನನ್ನ ನಾಲಿಗೆ ಸ್ವಲ್ಪ ಉದ್ದ, ಆದರೂ ಆ ಟವೆಲ್ ಕಂಡಾಗ ಮಾತ್ರ ನನ್ನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಒಂದೇ ಒಂದು ಸಲ ಕೇಳಿದ್ದೆ, ಮನೆಯ ಮೇನ್ ಆಫ್ ಮಾಡಿದ್ದನ್ನು ನೀವೇ ನೋಡಿದ್ದೀರಲ್ಲ, ಆಮೇಲೂ ಯಾಕೆ ಭಯ ಎಂದು.

"ತಲೆಗೆ ಗೊತ್ತು ಕಣೇ. ಕೈಗೆ ಗೊತ್ತಿಲ್ಲ," ಅಂದಿದ್ದರು.

ಈ ನಡುವೆ ನಮ್ಮತ್ತೆ ತಮ್ಮ ತಮ್ಮನಿಗೆ ಹೇಳಿ ಮಗನಿಗೊಂದು ಕೆಲಸ ಹುಡುಕಿಸಿದ್ದರು. ಗೋಡೌನಿನ ಗೇಟು ಕಾಯುವುದು. ಲಾರಿ ಬಂದರೆ ಅಡ್ಡಗೋಲು ಎತ್ತುವುದು, ಹೋದ ಮೇಲೆ ಇಳಿಸುವುದು. ಸೋಮವಾರ ಬೆಳಗ್ಗೆ ಆಯಿತು ಅಥವಾ ಇಲ್ಲ ಎಂದು ಹೇಳಬೇಕಿತ್ತು. "ಕುರ್ಚಿ ಮೇಲೆ ಕೂರೋ ಕೆಲಸ, ನೆರಳಿದೆ, ನನ್ನ ಮಗ ಸಂಜೆ ಮನೆಗೆ ಬರ್ತಾನೆ ಅಂತ ಗೊತ್ತಿರುತ್ತೆ," ಎಂದು ಅತ್ತೆ ನನಗೆ ಅಡುಗೆಮನೆಯಲ್ಲಿ ಹೇಳಿದರು. ಗೇಟು ಕಾಯುವುದು ಕೀಳು ಕೆಲಸವೇನಲ್ಲ. ಆದರೆ ಇವರು ಆ ಕೆಲಸ ಬೇಕು ಎಂದು ಹೋಗುತ್ತಿರಲಿಲ್ಲ, ಕೈಗೆ ಹೆದರಿ ಹೋಗುತ್ತಿದ್ದರು. ಒಂದು ಸಲ ಹೂಂ ಅಂದರೆ ಇನ್ನು ಯಾವತ್ತೂ ವೈರು ಮುಟ್ಟುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ನನಗೂ ಭಯವಾಗಿತ್ತು, ಅತ್ತೆಗೂ ಭಯವಾಗಿತ್ತು. ನಮ್ಮಿಬ್ಬರ ಭಯಗಳ ದಿಕ್ಕು ಮಾತ್ರ ಬೇರೆ ಬೇರೆ.

ಭಾನುವಾರ ಬೆಳಗ್ಗೆ ಮನೆಯ ಮುಂದಿನ ತಗಡಿನ ಶೀಟಿನ ಕೆಳಗೆ ಕಾರಿನ ಕೆಲಸ ಶುರು ಮಾಡಿದೆ. ಇವರು ಹೊಸ್ತಿಲ ಕೆಳಗಿನ ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ಕೂತಿದ್ದರು. ಹಿಂದಿನ ಸೀಟು ಬಿಚ್ಚಿ ಹೊರಗಿಟ್ಟೆ. ಸೀಟಿನ ಕೆಳಗೆ ನಾನು ಕಳೆದುಕೊಂಡಿದ್ದ ಬಾಬಿನ್ನುಗಳೆಲ್ಲ ಒಂದು ಸಂಸಾರ ಹೂಡಿಕೊಂಡಿದ್ದವು. ಆಮೇಲೆ ಬಾನೆಟ್ ಎತ್ತಿ ಬ್ಯಾಟರಿಯ ಕೆಂಪು ಕೇಬಲ್ಲಿನ ನಟ್ಟಿಗೆ ಸ್ಪ್ಯಾನರ್ ಹಾಕಿದೆ.

"ಕಪ್ಪು ಮೊದಲು," ಎಂದು ಮೆಟ್ಟಿಲಿನಿಂದ ದನಿ ಬಂತು.

ನಾನು ತಿರುಗಿ ನೋಡಲಿಲ್ಲ. ನೋಡಿದರೆ ದನಿ ನಿಂತುಹೋಗುತ್ತದೆ ಅನ್ನಿಸಿತು. "ಯಾಕೆ, ಕೆಂಪಿಗೆ ಬೇಜಾರಾಗುತ್ತಾ?" ಅಂದೆ.

"ಸ್ಪ್ಯಾನರ್ ಕಬ್ಬಿಣಕ್ಕೆ ತಾಗಿದ್ರೆ ನಿನಗೇ ಬೇಜಾರಾಗುತ್ತೆ."

ಕಪ್ಪು ಕೇಬಲ್ ಬಿಚ್ಚಿದೆ. ಅದು ತೀರ ಗಿಡ್ಡಕ್ಕಿತ್ತು. ಅದರ ಇನ್ನೊಂದು ತುದಿ ಎಲ್ಲಿಗೂ ಹೋಗದೆ ಅಲ್ಲೇ ಪಕ್ಕದಲ್ಲಿ, ಕಾರಿನ ಬಾಡಿಗೇ ಬೋಲ್ಟ್ ಹಾಕಿ ಬಿಗಿದಿತ್ತು. ಅದನ್ನು ಹೇಳಿದ್ದೇ ತಡ, ಇವರು ಲೋಟ ಇಟ್ಟು ಎದ್ದು ಬಂದರು. ಕಾರಿನಿಂದ ಎರಡು ಮಾರು ದೂರದಲ್ಲಿ ನಿಂತು ಕತ್ತು ಉದ್ದ ಮಾಡಿ ನೋಡಿದರು.

"ಬಾಡಿಗಾ? ಬರೀ ಕಬ್ಬಿಣಕ್ಕಾ? ಅಂದ್ರೆ ಇಡೀ ಕಾರಿಗೆ ಕರೆಂಟ್ ಬಿಟ್ಟಿದಾನೆ ಆ ಮನುಷ್ಯ."

"ಯಾರು?"

"ಇನ್ಯಾರು, ಎಂಜಿನ್ ತುರುಕಿದೋನು. ಒಂದು ಕೇಬಲ್ ಉಳಿಸೋಕೆ ಹೋಗಿ ಹೀಗೆ ಮಾಡಿದಾನೆ. ಇದನ್ನ ತೆಗೆದು ಬಿಸಾಕು. ಹೋಗೋದಕ್ಕೊಂದು ವೈರು, ಬರೋದಕ್ಕೊಂದು ವೈರು, ಎರಡನ್ನೂ ಹಿಂದಿನವರೆಗೆ ಎಳಿ. ಕಬ್ಬಿಣಕ್ಕೆ ಕರೆಂಟ್ ತಾಗಲೇಬಾರದು."

ನನಗೆ ಒಂಚೂರೂ ಅನುಮಾನ ಬರಲಿಲ್ಲ. ಅವನು ಮಾಡಿದ್ದೆಲ್ಲ ವಕ್ರವೇ ಆಗಿರುವಾಗ ಇದೊಂದು ಹೇಗೆ ನೆಟ್ಟಗಿರುತ್ತದೆ? ಆದರೆ ಹಳೆಯ ಕೆಂಪು ಕೇಬಲ್ ನನ್ನ ಹೆಬ್ಬೆರಳಷ್ಟು ದಪ್ಪವಿತ್ತು. ಅಂಥದ್ದು ಎರಡು ಎಲ್ಲಿಂದ ತರಲಿ ಎಂದು ಕೇಳಿದೆ.

"ಅಷ್ಟು ದಪ್ಪ ಯಾಕೆ? ಇದೂ ಅವನದ್ದೇ ತಲೆಹರಟೆ. ಹನ್ನೆರಡು ವೋಲ್ಟ್ ಕಣೇ. ಕಾಲಿಂಗ್ ಬೆಲ್ಲಿಗೆ ಬರೋ ಕರೆಂಟು. ಅದಕ್ಕೆ ಹೆಬ್ಬೆರಳು ದಪ್ಪದ ಕೇಬಲ್ ಹಾಕಿದ್ರೆ ಮೂಗಿಗಿಂತ ಮೂಗುತಿ ಭಾರ. ಅಟ್ಟದ ಮೇಲೆ ಗೀಸರಿಗೆ ಹಾಕೋ ವೈರಿನ ಸುರುಳಿ ಇದೆ ನೋಡು. ಅದೇ ಜಾಸ್ತಿ ಆಯ್ತು."

ಮೆಕ್ಯಾನಿಕ್ಕಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ. ಇವರು ಒಂದೇ ಉಸಿರಿಗೆ ಅಷ್ಟು ಮಾತಾಡಿ ಎಷ್ಟು ಕಾಲವಾಗಿತ್ತೋ. ಆ ಗಳಿಗೆಯಲ್ಲಿ ಹೊಲಿಗೆ ದಾರ ಎಳಿ ಅಂದಿದ್ದರೂ ಎಳೆಯುತ್ತಿದ್ದೆ.

ಹೀಗೆ ಮಾತು ಇವರದು, ಕೈ ನನ್ನದು ಎಂದು ಕೆಲಸ ಸಾಗಿತು. ವೈರನ್ನು ಪೆಟ್ರೋಲ್ ಪೈಪು ಇಲ್ಲದ ಕಡೆಯಿಂದಲೇ ತಾ ಅಂದರು, ತಂದೆ. ತಗಡಿನ ತೂತಿನಲ್ಲಿ ವೈರು ಹಾಯುವ ಕಡೆ ರಬ್ಬರ್ ಬುಶ್ ಹಾಕು, ಇಲ್ಲದಿದ್ದರೆ ಅಂಚು ಕೊಯ್ಯುತ್ತದೆ ಅಂದರು, ಹಾಕಿದೆ. ಡಿಕ್ಕಿಯ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯನ್ನು ನೆಲಕ್ಕೇ ಬೋಲ್ಟ್ ಹಾಕಿ ಕೂರಿಸಿದೆ. ಹಿಂದಿನ ದಿನ ತಂದಿದ್ದ ಹೊಸ ಬ್ಯಾಟರಿಯನ್ನು ಅದರೊಳಗೆ ಇಟ್ಟು, ಬ್ಯಾಗಿಗೆ ಹಾಕುವ ದಪ್ಪ ಪಟ್ಟಿಯನ್ನು ಎರಡು ಹೊಲಿಗೆ ಹಾಕಿ ಬಿಗಿದೆ. ಆ ಪಟ್ಟಿಯ ಕೆಲಸದಲ್ಲಿ ಮಾತ್ರ ನನಗೆ ಯಾರ ಉಪದೇಶವೂ ಬೇಕಾಗಲಿಲ್ಲ.

"ಬ್ಯಾಟರಿಯಿಂದ ಒಂದು ಗೇಣು ದೂರದಲ್ಲೇ ಫ್ಯೂಸು," ಎಂದರು ಇವರು. "ಮುಂದೆ ಎಲ್ಲೋ ಹಾಕಿದ್ರೆ ಆಗಲ್ಲ. ದಾರೀಲಿ ಏನಾದ್ರೂ ಆದ್ರೆ ಇಲ್ಲೇ ಕಡಿದುಹೋಗಬೇಕು. ನನ್ನ ಚೀಲದಲ್ಲಿ ಪಿಂಗಾಣಿ ಫ್ಯೂಸಿದೆ, ತಗೋ."

ಅತ್ತೆ ಒಳಗೂ ಹೊರಗೂ ಓಡಾಡುತ್ತ ನೋಡುತ್ತಿದ್ದರು. ಮಗ ಕಾರಿನ ಹತ್ತಿರ ಹೋದಾಗಲೆಲ್ಲ ಅವರ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಕೊನೆಗೆ ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು, "ಹಾವು ಕಡಿದವನು ಹಗ್ಗ ಕಂಡ್ರೂ ಹೆದರ್ತಾನೆ ಅಂತ ಗೊತ್ತಿದ್ದೂ, ಹಗ್ಗ ತಂದು ಮುಂದೆ ಆಡಿಸ್ತಿದೀಯಲ್ಲಮ್ಮ."

"ಅವರ ಕೈಗೆ ಕೊಟ್ಟಿಲ್ಲ ಅತ್ತೆ. ನನ್ನ ಕೈಲೇ ಇದೆ."

"ಇರಲಿ. ಅಲ್ಲೇ ಇರಲಿ," ಎಂದು ಒಳಗೆ ಹೋದರು.

ಊಟದ ಹೊತ್ತಿಗೆ ಎಲ್ಲ ಮುಗಿಯಿತು. ನಾನು ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಿ ಸೆಲ್ಫ್ ಹೊಡೆದೆ. ಬಾನೆಟ್ಟಿನೊಳಗಿಂದ ಟಕ್ ಎಂದು ಒಂದು ಸದ್ದು ಬಂತು, ಅಷ್ಟೇ. ಇನ್ನೊಂದು ಸಲ ಹೊಡೆದೆ. ಟಕ್. ನನಗೆ ತಾಳ್ಮೆ ಮೊದಲೇ ಕಡಿಮೆ. ಮೂರನೇ ಸಲ ಕೀ ಹಿಡಿದುಕೊಂಡೇ ಇದ್ದೆ. ಎಂಜಿನ್ ತಿರುಗಲಿಲ್ಲ, ಕಾಲ ಕೆಳಗಿನ ಕಾರ್ಪೆಟ್ಟಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಅಷ್ಟರಲ್ಲಿ ಹಿಂದೆ ಫ್ಯೂಸ್ ಪಟ್ಟೆಂದು ಹೋಯಿತು.

ಇಳಿದು ಕಾರ್ಪೆಟ್ ಎತ್ತಿ ವೈರು ಮುಟ್ಟಿದೆ. ಕೈ ಚುರುಕ್ ಎಂದಿತು. ಇವರು ಆ ವಾಸನೆಗೆ ಅಷ್ಟು ದೂರ ಸರಿದು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಆ ವಾಸನೆ ಇವರಿಗೆ ಏನನ್ನು ನೆನಪಿಸಿತು ಎಂದು ಕೇಳುವ ಅಗತ್ಯವಿರಲಿಲ್ಲ.

"ಗೊತ್ತಿದ್ದದ್ದು ಇದೊಂದೇ ಕೆಲಸ," ಅಂದರು. "ಅದೂ ಮರೆತುಹೋಗಿದೆ. ಮಾವನಿಗೆ ನಾಳೆ ಯಾಕೆ, ಇವತ್ತೇ ಫೋನ್ ಮಾಡಿ ಬರ್ತೀನಿ ಅಂತ ಹೇಳಿಬಿಡ್ತೀನಿ."

ಬಾಗಿಲಲ್ಲಿದ್ದ ಅತ್ತೆಗೆ ಈ ಮಾತಿನಿಂದ ಖುಷಿಯಾಗಬೇಕಿತ್ತು. ಅವರು ಮಗನ ಮುಖವನ್ನೇ ನೋಡುತ್ತ ನಿಂತರು. "ಊಟ ಮಾಡಿ ಆಮೇಲೆ ಮಾಡು," ಅಂದರು.

ಇವರು ಒಳಗೆ ಹೋದ ಮೇಲೆ ನಾನು ಕಾರಿನ ಚಕ್ರಕ್ಕೆ ಒದ್ದೆ. ಚಕ್ರಕ್ಕೇನೂ ಆಗಲಿಲ್ಲ, ನನ್ನ ಕಾಲಿನ ಹೆಬ್ಬೆರಳು ನೋಯತೊಡಗಿತು. ಬಂದ ಅಳುವನ್ನು ಅಳುತ್ತ ವೈರು ಎಳೆದು ಹೊರಗೆ ಹಾಕಿ, ಅಂಗಳದಲ್ಲಿದ್ದ ಸೀಟಿನ ಮೇಲೆ ಕೂತೆ.

ನಮ್ಮ ಮನೆಯ ಎದುರಿಗೆ, ರಸ್ತೆಯ ಆಚೆ, ಒಂದು ವೆಲ್ಡಿಂಗ್ ಅಂಗಡಿಯಿದೆ. ಅದನ್ನು ನಡೆಸುವವರು ವಯಸ್ಸಾದವರು. ಜೀವನವೆಲ್ಲ ಕಬ್ಬಿಣ ಬಡಿದು ಕಿವಿ ಮಂದವಾಗಿದೆ, ಹಾಗಾಗಿ ಗುಟ್ಟಿನ ಮಾತನ್ನೂ ಬೀದಿಗೆಲ್ಲ ಕೇಳುವಂತೆ ಆಡುತ್ತಾರೆ. ಅವರನ್ನು ನಾವು ವೆಲ್ಡಿಂಗ್ ದೊಡ್ಡಪ್ಪ ಅಂತಲೇ ಕರೆಯುವುದು. ಅವತ್ತು ಭಾನುವಾರವಾದರೂ ಒಂದು ದೊಡ್ಡ ಗೇಟನ್ನು ನಿಲ್ಲಿಸಿಕೊಂಡು ಬೆಸುಗೆ ಹಾಕುತ್ತಿದ್ದರು. ಇವರು ಊಟದ ತಟ್ಟೆ ಮುಂದಿಟ್ಟುಕೊಂಡು ಕಿಟಕಿಯಿಂದ ಅದನ್ನೇ ನೋಡುತ್ತಿದ್ದರು. ಎಷ್ಟು ಹೊತ್ತು ನೋಡಿದರೋ, ಇದ್ದಕ್ಕಿದ್ದಂತೆ ಎದ್ದು, ಕಾಲಿಗೆ ಸಿಕ್ಕಿದ ನನ್ನ ಚಪ್ಪಲಿಯನ್ನೇ ಮೆಟ್ಟಿಕೊಂಡು ರಸ್ತೆ ದಾಟಿದರು. ಮಾತೆಲ್ಲ ನನಗೆ ಕೂತಲ್ಲಿಗೇ ಕೇಳಿಸಿತು.

"ದೊಡ್ಡಪ್ಪ, ಈ ಮಷೀನಿಂದ ಬರೋದು ಎಷ್ಟು ವೋಲ್ಟು?"

"ವೋಲ್ಟ್ ಕಮ್ಮೀನಪ್ಪ. ಆಂಪ್ಸು ನೂರರ ಮೇಲೆ."

"ಕೈಲಿ ಒಂದೇ ಕೇಬಲ್ ಇದೆ. ವಾಪಸ್ ಹೋಗೋದು?"

"ಆ ತುದೀಲಿ ಕ್ಲಿಪ್ ಕಚ್ಚಿಸಿದೀನಿ ನೋಡು. ಗೇಟೇ ವಾಪಸ್ ಹೋಗೋ ವೈರು."

"ಗೇಟನ್ನ ಬರಿಗೈಲಿ ಹಿಡ್ಕೊಂಡಿದೀರಲ್ಲ."

"ಹಿಡ್ಕೊಳ್ದೆ ಇದ್ರೆ ನನ್ನ ಕಾಲ ಮೇಲೆ ಬೀಳುತ್ತೆ."

ಇವರು ಅಲ್ಲಿಂದ ಬಂದವರು ನೇರ ನನ್ನ ಬಟ್ಟೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಮೆಟ್ಟಿಲ ಮೇಲೆ ಲೆಕ್ಕ ಬರೆಯತೊಡಗಿದರು. ಬರೆದರು, ಅಂಗೈಯಿಂದ ಒರೆಸಿದರು, ಮತ್ತೆ ಬರೆದರು. ಆಮೇಲೆ ನನ್ನನ್ನು ಕರೆದರು.

"ಇಲ್ಲಿ ನೋಡು. ಮಹಡಿ ಮೇಲಿನ ಟ್ಯಾಂಕಿಂದ ನೀರು ತರೋಕೆ ಸಣ್ಣ ಪೈಪು ಸಾಕು, ಮೇಲಿಂದ ಒತ್ತಡ ಇರುತ್ತೆ. ಅಷ್ಟೇ ನೀರು ನೆಲದ ತೊಟ್ಟಿಯಿಂದ ಹರಿದು ಬರಬೇಕು ಅಂದ್ರೆ?"

"ದಪ್ಪ ಪೈಪ್ ಬೇಕು."

"ಹಾಂ. ಮನೇಲಿ ವೋಲ್ಟ್ ಜಾಸ್ತಿ, ಸಣ್ಣ ವೈರಲ್ಲೂ ಕೆಲಸ ಆಗುತ್ತೆ. ಕಾರಲ್ಲಿ ವೋಲ್ಟ್ ಇಲ್ಲ, ಹಾಗಾಗಿ ಎಂಜಿನ್ ತಿರುಗಿಸೋಕೆ ಕರೆಂಟ್ ರಾಶಿ ರಾಶಿ ಹರೀಬೇಕು. ನಾನು ಅದನ್ನ ದಾರದಂಥ ವೈರಲ್ಲಿ, ಅದೂ ಹೋಗೋಕೊಂದು ಬರೋಕೊಂದು ಅಂತ ದುಪ್ಪಟ್ಟು ದೂರ ಎಳೆಸಿದೆ. ಕಾರಿಗಲ್ಲ ಕಣೇ, ಮನೆಗೆ ವೈರಿಂಗ್ ಮಾಡಿಸಿದೆ ನಾನು."

"ಹಾಗಾದ್ರೆ ಬಾಡಿಗೆ ಬಿಗಿದಿದ್ದು?"

"ಸರಿ ಇತ್ತು. ಎಲ್ಲ ಕಾರೂ ಹಾಗೇ ಇರುತ್ತೆ ಅನ್ಸುತ್ತೆ. ಬಾಡಿನೇ ವಾಪಸ್ ಹೋಗೋ ವೈರು. ಹನ್ನೆರಡು ವೋಲ್ಟು ಮನುಷ್ಯನ ಚರ್ಮ ದಾಟಲ್ಲ. ಇಷ್ಟು ವರ್ಷ ನಾವು ಅದರೊಳಗೇ ಕೂತು ಓಡಾಡಿದೀವಿ."

ಹಿಂದಿನ ಮಾಲೀಕನ ಮೇಲಿನ ಸಿಟ್ಟನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಬೇಕಾಗಿ ಬಂತು, ಅದು ನನಗೆ ಕಷ್ಟವೇ ಆಯಿತು. ಇವರು ಸೀಮೆಸುಣ್ಣ ಹಿಡಿದ ಕೈಯನ್ನೇ ನೋಡುತ್ತ ಕೂತಿದ್ದರು. ತಪ್ಪು ಮಾಡಿದೆ ಎಂಬುದು ಇನ್ನೂ ಒಳಗೆ ಕೊರೆಯುತ್ತಿತ್ತು.

"ಕಾರು ಹೊತ್ತಿಕೊಳ್ಳದೆ ಉಳಿದದ್ದು ಯಾಕೆ ಹೇಳಿ," ಅಂದೆ. "ಆ ಫ್ಯೂಸ್ ಹಾಕಿಸಿದ್ದು ಯಾರು? ಕೆಡಿಸಿದ್ದೂ ನೀವೇ, ಉಳಿಸಿದ್ದೂ ನೀವೇ. ಅರ್ಧ ಕೆಲಸ ನೆನಪಿದೆ ಅಂತಾಯ್ತಲ್ಲ."

ಇವರು ನಕ್ಕರು. ಜೋರಾಗೇನೂ ಅಲ್ಲ, ಆದರೆ ನಕ್ಕರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು, ಅತ್ತೆಗೂ ಕೇಳಿಸಿರಬೇಕು.

ವೆಲ್ಡಿಂಗ್ ದೊಡ್ಡಪ್ಪ ಮೂಲೆಯಲ್ಲಿ ಸುತ್ತಿಟ್ಟಿದ್ದ ಉದ್ದನೆಯ ಕೇಬಲ್ಲೊಂದನ್ನು ಕೊಟ್ಟು, ಅದರ ತುದಿಗಳಿಗೆ ಬೋಲ್ಟ್ ಹಾಕಲು ತೂತಿರುವ ತಾಮ್ರದ ಲಗ್ಗುಗಳನ್ನು ತಾವೇ ಒತ್ತಿ ಕೂರಿಸಿಕೊಟ್ಟರು. ಯಾಕೆ, ಏನು ಎಂದು ಕೇಳಲೂ ಇಲ್ಲ. ನಾನು ಮುಖ್ಯರಸ್ತೆಯ ಬಿಡಿಭಾಗದ ಅಂಗಡಿಗೆ ನಡೆದುಕೊಂಡು ಹೋಗಿ ಕಾರಿಗೆಂದೇ ಬರುವ ದಪ್ಪ ಫ್ಯೂಸ್ ತಂದೆ. ಮತ್ತೆ ಕಾರ್ಪೆಟ್ಟಿನ ಕೆಳಗೆ ಕೇಬಲ್ ಹಾಸಿದೆ. ಡಿಕ್ಕಿಯೊಳಗೆ ಬಣ್ಣ ಕೆರೆದು ಕಬ್ಬಿಣ ಹೊಳೆಯುವವರೆಗೂ ಸ್ಯಾಂಡ್ ಪೇಪರ್ ತಿಕ್ಕಿ, ಬ್ಯಾಟರಿಯ ಗಿಡ್ಡ ಕಪ್ಪು ಕೇಬಲನ್ನು ಅಲ್ಲಿಗೇ ಬೋಲ್ಟ್ ಹಾಕಿ ಬಿಗಿದೆ. ಈ ಸಲ ಇವರು ದೂರ ನಿಂತಿರಲಿಲ್ಲ. ನನ್ನ ಭುಜದ ಪಕ್ಕದಲ್ಲೇ ಬಗ್ಗಿ, "ಇನ್ನೊಂದು ಸುತ್ತು, ಇನ್ನರ್ಧ ಸುತ್ತು," ಎನ್ನುತ್ತಿದ್ದರು. ಆದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಸೋಮವಾರಕ್ಕೆ ಇನ್ನು ಉಳಿದಿದ್ದದ್ದು ಒಂದು ಸಂಜೆ ಮಾತ್ರ.

ಕೊನೆಯ ಬೋಲ್ಟ್ ಬಿಗಿದಾದ ಮೇಲೆ ಇವರೇ ಹೇಳಿದರು, "ಆಗಿನ ಥರ ಗೊತ್ತಿಲ್ಲದೆ ಹೊಡೆಯೋದು ಬೇಡ. ನೀನು ಸೆಲ್ಫ್ ಹೊಡೆಯೋವಾಗ ಒಬ್ಬರು ಇಲ್ಲಿ ಕೇಬಲ್ ಮೇಲೆ, ಬೋಲ್ಟ್ ಮೇಲೆ ಕೈ ಇಟ್ಟಿರಬೇಕು. ಬಿಸಿ ಆದ್ರೆ ತಕ್ಷಣ ಹೇಳಬೇಕು."

ಆ ಒಬ್ಬರು ಯಾರು ಎಂದು ನಾನು ಕೇಳಲಿಲ್ಲ. ನೀವು ಕೀ ತಿರುಗಿಸಿ, ನಾನು ಕೈ ಇಡುತ್ತೇನೆ ಎಂಬ ಮಾತು ತುಟಿಯವರೆಗೂ ಬಂದಿತ್ತು. ಅದನ್ನು ನುಂಗಿಕೊಂಡೆ. ನನ್ನನ್ನು ಬಲ್ಲವರಿಗೆ ಅದು ಎಂಥ ಸಾಧನೆ ಎಂದು ಗೊತ್ತಾಗುತ್ತದೆ.

ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಕೈಗಳು ಬಿಚ್ಚಿಕೊಂಡವು. ಆಮೇಲೆ ಇವರು, "ನೀನು ಹೋಗಿ ಕೂತ್ಕೋ. ಇಲ್ಲಿ ನಾನಿರ್ತೀನಿ," ಅಂದರು.

ಹೋಗಿ ಕೂತೆ. ಹಿಂದಿನ ಸೀಟು ಇಲ್ಲದ್ದರಿಂದ ತಿರುಗಿದರೆ ಡಿಕ್ಕಿಯ ಒಳಗೆಲ್ಲ ಕಾಣುತ್ತಿತ್ತು. ಎತ್ತಿದ ಮುಚ್ಚಳದ ಕೆಳಗೆ ಇವರು ಬಗ್ಗಿ ನಿಂತಿದ್ದರು. ಬಲಗೈ ಬೋಲ್ಟಿನ ಮೇಲೆ ಗಾಳಿಯಲ್ಲೇ ನಿಂತುಬಿಟ್ಟಿತ್ತು. ಸ್ವಲ್ಪ ಕೆಳಗೆ ಬರುವುದು, ಮತ್ತೆ ಮೇಲೆ ಹೋಗುವುದು. ಹಣೆಯ ಮೇಲೆ ಬೆವರು ಮೂಡಿತ್ತು. ಬೇಡ ಬಿಡಿ ಎಂದು ಹೇಳಿಬಿಡೋಣ ಅನ್ನಿಸಿತು. ಇಷ್ಟು ಹಿಂಸೆ ಕೊಟ್ಟು ಏನು ಸಾಧಿಸುತ್ತೇನೆ, ಗೇಟು ಕಾಯಲಿ, ಟವೆಲ್ ಸುತ್ತಿಕೊಳ್ಳಲಿ, ಕಣ್ಣ ಮುಂದಿದ್ದರೆ ಸಾಕು ಎಂದು ಒಂದು ಗಳಿಗೆ ನನಗೂ ಅನ್ನಿಸಿತು.

ಅತ್ತೆ ಅಷ್ಟು ಹೊತ್ತೂ ಅಂಗಳದಲ್ಲಿ ಕಾರಿನ ಸೀಟಿನ ಮೇಲೆ ಸೋಫಾದ ಮೇಲೆ ಕೂತವರ ಹಾಗೆ ಕೂತಿದ್ದರು. ಈಗ ಮೊಣಕಾಲು ಹಿಡಿದುಕೊಂಡು ಎದ್ದರು. ಸೀರೆಗೆ ಕೈ ಒರೆಸಿಕೊಳ್ಳುತ್ತ ಕಾರಿನ ಹಿಂದಕ್ಕೆ ಬಂದು, ಬಣ್ಣ ಕೆರೆದ ಜಾಗದ ಪಕ್ಕದಲ್ಲೇ, ಬೋಲ್ಟಿಗೆ ತಾಗಿದ ಹಾಗೆ ತಮ್ಮ ಅಂಗೈಯನ್ನು ಊರಿದರು.

"ಅಮ್ಮ, ನೀನು ಕೈ ತೆಗಿ."

"ಯಾಕೆ? ಏನೂ ಆಗಲ್ಲ ಅಂತ ಮೆಟ್ಟಿಲ ಮೇಲೆ ಬರೆದಿದೀಯಲ್ಲ."

"ಆಗಲ್ಲಮ್ಮ."

"ನಿಜವಾಗ್ಲೂ ಆಗಲ್ವಾ?"

"ಆಗಲ್ಲ."

"ಹಾಗಾದ್ರೆ ಇಡು. ಆದ್ರೆ ಇಬ್ಬರಿಗೂ ಆಗ್ಲಿ."

ಆಸ್ಪತ್ರೆಯಲ್ಲಿ ಆ ರಾತ್ರಿಯೆಲ್ಲ ಮಗನ ಮಂಚದ ಪಕ್ಕ ನಿಂತಿದ್ದವರು ಅತ್ತೆ. ಕೂತರೆ ಏನೋ ಆಗಿಬಿಡುತ್ತದೆ ಎಂದು ಕೂರಲೂ ಒಪ್ಪಿರಲಿಲ್ಲ. ಕರೆಂಟ್ ಅಂದರೇನು, ವೋಲ್ಟ್ ಅಂದರೇನು, ಅವರಿಗೆ ಒಂದೂ ತಿಳಿಯದು. ಮಗನ ಮಾತೊಂದನ್ನೇ ನಂಬಿ ಕೈ ಇಟ್ಟಿದ್ದರು.

ಇವರು ಮೊದಲು ಕೈ ತಿರುಗಿಸಿ ಬೆರಳುಗಳ ಹಿಂಬದಿಯಿಂದ ಬೋಲ್ಟನ್ನು ಮುಟ್ಟಿದರು. ವೈರಿಂಗ್ ಕೆಲಸದವರು ಗೊತ್ತಿಲ್ಲದ್ದನ್ನು ಮುಟ್ಟುವುದೇ ಹಾಗೆ. ಅಂಗೈಯಿಂದ ಮುಟ್ಟಿದರೆ ಕರೆಂಟಿಗೆ ಬೆರಳು ಮುಚ್ಚಿ ಹಿಡಿದುಕೊಂಡುಬಿಡುತ್ತದಂತೆ. ಹಾಗೆ ಮುಟ್ಟಿ ಒಂದು ಕ್ಷಣ ನಿಂತು, ಕೈ ಮಗುಚಿ ಅಂಗೈಯನ್ನು ಕೇಬಲ್ಲಿನ ಮೇಲೂ ಬೋಲ್ಟಿನ ಮೇಲೂ ಪೂರ್ತಿ ಇಟ್ಟರು. ಸುಟ್ಟ ಗಾಯದ ಗುರುತು ನನಗೆ ಅಲ್ಲಿಂದಲೇ ಕಾಣುತ್ತಿತ್ತು.

"ಹೊಡಿ," ಅಂದರು.

ಕೀ ತಿರುಗಿಸಿದೆ. ಟಕ್ ಎನ್ನಲಿಲ್ಲ. ಇಡೀ ಕಾರು ಮೈ ಕೊಡವಿಕೊಂಡು ಎದ್ದಿತು. ನಾನು ಕೀ ಬಿಟ್ಟು ತಿರುಗಿ ನೋಡಿದೆ. ತಾಯಿ ಮಗ ಇಬ್ಬರೂ ಅದುರುವ ಕಾರಿನ ಮೇಲೆ ಕೈಯಿಟ್ಟು ನಿಂತಿದ್ದರು. ಇಬ್ಬರ ಕಣ್ಣೂ ಮುಚ್ಚಿತ್ತು. ಮೊದಲು ಕಣ್ಣು ತೆರೆದದ್ದು ಇವರು.

"ತಣ್ಣಗಿದೆ," ಅಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. ಕೇಬಲ್ಲಿನ ಉದ್ದಕ್ಕೂ ಕೈಯಾಡಿಸುತ್ತ ಮತ್ತೆ ಅಂದರು, "ತಣ್ಣಗಿದೆ ಕಣಮ್ಮ. ಇನ್ನು ಕೈ ತೆಗಿ."

ಅತ್ತೆ ತೆಗೆಯಲಿಲ್ಲ. ಕೈಯನ್ನು ಮೆಲ್ಲನೆ ಜರುಗಿಸಿ ಮಗನ ಕೈಯ ಮೇಲಿಟ್ಟರು.

"ನಿನ್ನ ಮಾವನಿಗೆ ನೀನು ಫೋನ್ ಮಾಡಬೇಡ," ಅಂದರು. "ಆ ಕೆಲಸ ಕೊಡಿಸು ಅಂತ ಕಾಡಿದ್ದು ನಾನು. ಬೇಡ ಅಂತಲೂ ನಾನೇ ಹೇಳ್ತೀನಿ."

ಇವರು ತಲೆಯಾಡಿಸಿದರು. ನನಗೆ ಮುಂದಿನ ಗಾಜೆಲ್ಲ ಮಂಜಾಗಿ ಕಾಣುತ್ತಿತ್ತು. ಎಂಜಿನ್ ಆಫ್ ಮಾಡು ಎಂದು ಅವರಿಬ್ಬರೂ ಹೇಳಲಿಲ್ಲ, ನಾನೂ ಮಾಡಲಿಲ್ಲ.